ಮೂವತ್ತೆರಡು ಸಲ

ಪ್ರಕೃತಿ ಚಿಕಿತ್ಸೆಯ ಡಾಕ್ಟರು ಪ್ರಾಣೇಶರಾಯರಿಗೆ ಮಾತ್ರೆ ಕೊಡಲಿಲ್ಲ, ಕಷಾಯವನ್ನೂ ಕೊಡಲಿಲ್ಲ. "ಒಂದೊಂದು ತುತ್ತೂ ಮೂವತ್ತೆರಡು ಸಲ ಅಗೀರಿ, ತೂಕ ತಾನಾಗೇ ಇಳೀತದ" ಎಂದಷ್ಟೇ ಹೇಳಿ ಕಳಿಸಿದ್ದರು.

ಎರಡು ತಿಂಗಳ ಮೇಲೆ ರಾಯರು ಬಂದು ತೂಕದ ಯಂತ್ರದ ಮೇಲೆ ನಿಂತರು. ಐದು ಕಿಲೋ ಇಳಿದಿತ್ತು.

"ಎಣಿಸೇ ಅಗೀತೀರೇನ್ರಿ?"

"ಒಂದೂ ತಪ್ಪಿಸಿಲ್ರಿ. ಮೊದಲೆಲ್ಲಾ ಹತ್ತು ನಿಮಿಷದಾಗ ಊಟ ಮುಗೀತಿತ್ತು, ಈಗ ಒಂದು ತಾಸು ಬೇಕು."

ಡಾಕ್ಟರು ಹಾಳೆಯ ಮೇಲೆ 'ಉತ್ತಮ' ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದರು. ಮುಂದಿನವರನ್ನು ಕರೆಯಲು ಬಾಗಿಲು ತೆರೆದರೆ, ಹೊರಗಿನ ಬೆಂಚಿನಲ್ಲಿ ಒಂದೇ ಹೋಲಿಕೆಯ ಆರು ಜನ ದಪ್ಪ ಗಂಡಸರು ಒತ್ತೊತ್ತಾಗಿ ಕೂತಿದ್ದರು.

"ಇವರೆಲ್ಲಾ ಯಾರ್ರಿ?"

"ನಮ್ಮ ತಮ್ಮಂದಿರು, ಮಕ್ಕಳು. ಎರಡು ತಿಂಗಳದಾಗ ಒಬ್ಬೊಬ್ಬರೂ ಏಳೇಳು ಕಿಲೋ ಏರ್ಯಾರ್ರಿ."

"ಅದ್ಹೆಂಗ್ರಿ?"

ರಾಯರು ಕೊನೆಯ ತುತ್ತು ಇನ್ನೂ ಬಾಯಲ್ಲಿದೆಯೇನೋ ಎಂಬಂತೆ ನಿಧಾನವಾಗಿ ಹೇಳಿದರು:

"ನಮ್ಮ ಮನ್ಯಾಗ ಹಿರಿಯಾರು ಏಳೋತನಕ ಪಂಕ್ತ್ಯಾಗ ಯಾರೂ ಏಳೂ ಹಂಗಿಲ್ರಿ, ತಾಟು ಖಾಲಿ ಕಂಡ್ರ ನಮ್ಮಾಕಿ ಬಡಸದ ಬಿಡೂದಿಲ್ಲ."