ಇಪ್ಪತ್ತು ನಿಮಿಷ

"ಅಲ್ಲೇ ನಿಲ್ಲು. ಮೇಜು ಅಲುಗಾಡಿಸ್ಬೇಡ," ಎಂದರು ಸೂರ್ಯನಾರಾಯಣ, ಲ್ಯಾಪ್‌ಟಾಪಿನಿಂದ ಕಣ್ಣು ತೆಗೆಯದೆ. ಲೊರೆಶೋ ಬಡಾವಣೆಯ ಅವರ ಮನೆಯ ಹಿತ್ತಲಲ್ಲಿ ದೂರದರ್ಶಕ, ಅದರ ಬೆನ್ನಿಗೆ ಹೊಸ ಕ್ಯಾಮೆರಾ, ಮೇಲೆ ಗ್ರಹಣ ಹಿಡಿದ ಚಂದ್ರ.

ಊರಿನ ಇನ್ನೊಂದು ತುದಿಯ ಕಸರಾನಿಯಿಂದ ಎರಡು ಮಟಾಟು ವ್ಯಾನು ಬದಲಿಸಿ ಬಂದಿದ್ದ ಮುಟುವಾ ಅಲ್ಲೇ ನಿಂತ. ಸೂರ್ಯನಾರಾಯಣ ಮ್ಯಾನೇಜರಾಗಿರುವ ಔಷಧ ಕಾರ್ಖಾನೆಯಲ್ಲಿ ಅವನು ಆಪರೇಟರ್. ಮಾತ್ರೆ ಒಣಗಿಸುವ ಯಂತ್ರವನ್ನು ಇಪ್ಪತ್ತು ನಿಮಿಷ ಆರಲು ಬಿಡದೆ ಆಫ್ ಮಾಡಿ ಓಡಿದ್ದ. ಹೆಂಡತಿಗೆ ಹೆರಿಗೆ ನೋವು ಬಂದಿತ್ತು. ಮಗಳು ಹುಟ್ಟಿ ನಾಲ್ಕು ದಿನ, ನೋಟೀಸು ಬಂದು ಮೂರು ದಿನ. ಅದಕ್ಕೆ ಬರೆದ ಉತ್ತರವನ್ನು ಸಾಹೇಬರು ಒಪ್ಪಿ ಸಹಿ ಹಾಕದಿದ್ದರೆ ನಾಳೆ ಬೆಳಿಗ್ಗೆ ಕೆಲಸ ಹೋಯಿತು.

"ಹೆರಿಗೆ!" ಸೂರ್ಯನಾರಾಯಣ ಅವನ ಉತ್ತರದ ಹಾಳೆ ಇಸಕೊಂಡು ಕಾರಣದ ಸಾಲಿನ ಮೇಲೆ ಕೆಂಪು ಗೀಟು ಎಳೆದರು. ಅವನೊಡನೆ ಅವರ ಮಾತೆಲ್ಲ ಇಂಗ್ಲಿಷಿನಲ್ಲಿ. "ಹೆರಿಗೆ ದಿನಾ ಆಗುತ್ತೆ. ಅದಕ್ಕೆ ಮೆಷಿನ್ ಏನು ಮಾಡ್ಬೇಕು? ಈ ಕ್ಯಾಮೆರಾ ನೋಡು. ಚಿತ್ರ ಶುದ್ಧವಾಗಿ ಬರಲಿ ಅಂತ ಒಳಗೆ ಮೈನಸ್ ಹತ್ತು ಡಿಗ್ರಿಗೆ ತಣ್ಣಗಿಟ್ಟಿದೀನಿ. ಕೆಲಸ ಮುಗೀತು ಅಂತ ದಢಕ್ಕನೆ ಆಫ್ ಮಾಡಿದ್ರೆ ಒಳಗೆ ನೀರು ಹನಿಯುತ್ತೆ, ಗಾಜು ಸೀಳುತ್ತೆ. ಮೆಲ್ಲಗೆ ಬಿಸಿ ಆಗೋಕೆ ಬಿಡ್ಬೇಕು. ಇಪ್ಪತ್ತು ನಿಮಿಷ. ಮನೆಗೆ ಬೆಂಕಿ ಬಿದ್ರೂ ಇಪ್ಪತ್ತು ನಿಮಿಷ! ಇದಕ್ಕೆ ಶಿಸ್ತು ಅಂತಾರೆ. ಸರಿಯಾದ ಕಾರಣ ಬರಿ, ಆಮೇಲೆ ಸಹಿ."

ಮುಟುವಾ ಪಾಪ, ಒಂದು ಗಂಟೆ ನಿಂತೇ ಕೇಳಿದ. ಬಂದವನಿಗೆ ಕೂರು ಅನ್ನುವುದು ಆ ಶಿಸ್ತಿನ ಪಟ್ಟಿಯಲ್ಲಿ ಇರಲಿಲ್ಲವೋ ಏನೋ. ಚಂದ್ರನೇ ಬೇಸತ್ತು ಗ್ರಹಣ ಬಿಡಿಸಿಕೊಂಡ.

"ರೀ! ಮೋಕ್ಷ ಆಯ್ತು, ಸ್ನಾನಕ್ಕೆ ಬನ್ನಿ!" ಅಡುಗೆಮನೆ ಬಾಗಿಲಿಂದ ಹೆಂಡತಿ ವತ್ಸಲಾ ಕೂಗಿದರು.

"ಇಪ್ಪತ್ತು ನಿಮಿಷ ಕಣೇ, ಕ್ಯಾಮೆರಾ ಇನ್ನೂ..."

"ನಿಮ್ಮ ನಕ್ಷತ್ರಕ್ಕೇ ಹಿಡಿದಿರೋದು ರೀ! ಬಿಟ್ಟ ತಕ್ಷಣ ತಲೆ ಮೇಲೆ ನೀರು ಬೀಳ್ಬೇಕಂತೆ. ಇಲ್ದಿದ್ರೆ ಪದವಿಗೆ ಕುತ್ತು ಅಂತ ಮೈಸೂರಿಂದ ಜೋಯಿಸರು ಫೋನ್ ಮಾಡಿ ಹೇಳಿದಾರೆ."

ಪದವಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಮ್ಮ ಶಿಸ್ತಿನ ಸಿಪಾಯಿ ಕಂಬಿ ಕಿತ್ತರು. ಕ್ಯಾಮೆರಾದ ಪ್ಲಗ್ಗನ್ನು ಗೋಡೆಯಿಂದ ಎಳೆದೆಸೆದು, ಉಟ್ಟ ಬಟ್ಟೆಯಲ್ಲೇ ಬಚ್ಚಲಿಗೆ ಓಡಿದರು.

ಒದ್ದೆ ತಲೆಯಲ್ಲಿ ಪಂಚೆ ಸುತ್ತಿಕೊಂಡು ವಾಪಸು ಬಂದಾಗ ಅವರಿಗೆ ಕ್ಯಾಮೆರಾ ನೆನಪಾಯಿತು. ಬಿಚ್ಚಿ ನೋಡಿದರೆ ಒಳಗಿನ ಗಾಜಿನ ತುಂಬ ನೀರಹನಿ, ನಡುವೆ ಕೂದಲೆಳೆಯಷ್ಟು ಸೀಳು.

"ಏನ್ ಮುಟ್ಟಿದೆ ನೀನು?" ಎಂದು ಮುಟುವಾನ ಮೇಲೆ ಹರಿಹಾಯ್ದರು. ಎಂಥ ನಾಚಿಕೆಗೆಟ್ಟ ಮನುಷ್ಯ!

"ಅವನನ್ಯಾಕೆ ಬೈತೀರಿ? ಪ್ಲಗ್ ಕಿತ್ತಿದ್ದು ನೀವೇ ಅಲ್ವೇನ್ರೀ? ನಾನೇ ನೋಡಿದೆ," ಎಂದರು ವತ್ಸಲಾ.

ಸೂರ್ಯನಾರಾಯಣ ಪಂಚೆಯ ಗಂಟು ಬಿಗಿ ಮಾಡಿಕೊಂಡರು. ಮುಟುವಾ ತನ್ನ ಹಾಳೆಯನ್ನು ಮೇಜಿನ ಮೇಲೆ, ಆ ಸೀಳಿದ ಕ್ಯಾಮೆರಾದ ಪಕ್ಕದಲ್ಲೇ ಹರಡಿದ. ಕೆಂಪು ಗೀಟಿನ ಕೆಳಗಿನ ಖಾಲಿ ಜಾಗಕ್ಕೆ ಪೆನ್ನು ಊರಿ, ತಲೆಯೆತ್ತದೆ ಕೇಳಿದ:

"ಸರ್, ಕಾರಣ ಅನ್ನೋ ಕಡೆ 'ಸ್ನಾನ' ಅಂತ ಬರೀಲಾ?"