ದಾರ ಕಟ್ಟಿದ ಕಡೆ

“ನಮ್ಮಣ್ಣನ್ನ ತಿಂದು ಹಾಕಿದವಳು ಇವಳೇ!”

ನಾದಿನಿಯ ಕೂಗಿಗೆ ನ್ಯಾಯಾಲಯವೇ ಬೆಚ್ಚಿತು. ಕಟಕಟೆಯಲ್ಲಿದ್ದ ಅತ್ತಿಗೆ ಮಾತ್ರ ತಲೆ ತಗ್ಗಿಸಲಿಲ್ಲ. ಯಾಕೆ ತಗ್ಗಿಸಬೇಕು? ಮದುವೆಯಾದ ನಾಲ್ಕೇ ತಿಂಗಳಿಗೆ ಗಂಡ ಸತ್ತ. ಹೃದಯ ನಿಂತಿತು ಎಂದರು ವೈದ್ಯರು. ದೇಹ ಬೂದಿಯಾದ ಮೇಲೆ ವಿಷ ಎಂದಳು ನಾದಿನಿ. ಪರೀಕ್ಷೆಗೆ ಉಳಿದದ್ದು ಒಂದೇ: ದಹನಕ್ಕೆ ಮುನ್ನ ನಾದಿನಿ ನೆನಪಿಗೆಂದು ಕತ್ತರಿಸಿ, ಕೆಂಪು ದಾರ ಕಟ್ಟಿಟ್ಟುಕೊಂಡಿದ್ದ ಅಣ್ಣನ ಕೂದಲು.

ಠಾಣೆಯಲ್ಲಿ ಗುರುತಿಸಲು ಕೊಟ್ಟಾಗ ಅತ್ತಿಗೆ ಅದನ್ನು ಬೆರಳ ನಡುವೆ ಎರಡು ಸಲ ನೀವಿದ್ದಳು. “ಅವರದ್ದೇ” ಎಂದಿದ್ದಳು. ಆಮೇಲೆ ಸೆಟೆದು ನಿಂತಿದ್ದಳು. “ಪರೀಕ್ಷೆ ಮಾಡ್ಸಿ. ಎಲ್ಲಿ ಬೇಕಾದ್ರೂ ಮಾಡ್ಸಿ.”

ಅವಳ ಲಾಯರು ಹಣೆ ಚಚ್ಚಿಕೊಂಡಿದ್ದರು. “ಅಲ್ಲಮ್ಮಾ, ಬೇಡ ಅನ್ನೋದು ಬಿಟ್ಟು ನೀವೇ ಕೊರಳು ಒಡ್ತೀರಲ್ಲ! ವಿಷ ಸಿಕ್ರೆ ಜೀವಾವಧಿ.”

“ಹದಿನೈದು ವರ್ಷ ಸಲೂನಲ್ಲಿ ಕೂದಲ ಜೊತೆಗೇ ಏಗಿದೀನಿ ಸಾರ್. ಅದು ನನ್ನ ಕೈ ಬಿಡಲ್ಲ.”

ಈಗ ವಿಷಪರೀಕ್ಷೆಯ ತಜ್ಞ ಎದ್ದು ನಿಂತ. “ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತೆ. ಆಯಾ ತಿಂಗಳು ಮೈಗೆ ಸೇರಿದ್ದು ಆಯಾ ಭಾಗದಲ್ಲಿ ಉಳಿಯುತ್ತೆ. ಇದು ಎಂಟು ಸೆಂಟಿಮೀಟರ್, ಎಂಟು ತಿಂಗಳು. ವಿಷ ಇದೆ.”

“ನಾನು ಹೇಳಿರ್ಲಿಲ್ವಾ!” ನಾದಿನಿ ಎದ್ದೇಬಿಟ್ಟಳು.

“ಆದ್ರೆ ಬುಡದ ನಾಲ್ಕು ಸೆಂಟಿಮೀಟರಲ್ಲಿ ಇಲ್ಲ. ತುದಿಯ ಕಡೆ ಇದೆ. ಅಂದ್ರೆ ಮದುವೆಗೆ ಮುಂಚಿನದು.”

“ಬುಡ ಯಾವುದು ಅಂತ ಹೇಗೆ ಗೊತ್ತಾಯ್ತು?” ನ್ಯಾಯಾಧೀಶರು ಕೇಳಿದರು.

“ಬುಡದ ಕಡೆಗೆ ದಾರ ಕಟ್ಟಿ ಕಳಿಸೋದು ಪದ್ಧತಿ, ಸ್ವಾಮಿ. ದಾರ ಇತ್ತು.”

ಮದುವೆಗೆ ಮುಂಚೆ ಆ ಮನೆಯಲ್ಲಿ ಅಡುಗೆ ಮಾಡುತ್ತಿದ್ದವಳು ನಾದಿನಿ. ಎಲ್ಲರ ಕಣ್ಣು ಅವಳತ್ತ ಹೊರಳಿತು. 

ಸಂಜೆಗೆ ಅತ್ತಿಗೆಯ ಬಿಡುಗಡೆಯಾಯಿತು. ಮೆಟ್ಟಿಲ ಬಳಿ ನಾದಿನಿ ಅಡ್ಡ ನಿಂತಳು, ಅತ್ತೂ ಅತ್ತೂ ಮುಖ ಬಾತಿತ್ತು. “ನಿನ್ನ ಸುಮ್ನೆ ಬಿಡಲ್ಲ ಅತ್ತಿಗೆ.”

“ಬಾ, ಯಾವಾಗ ಬೇಕಾದ್ರೂ ಬಾ. ನಾನೇನು ಓಡಿಹೋಗಲ್ಲ.” ಅತ್ತಿಗೆ ಕೈ ಚಾಚಿ ಅವಳ ಉದ್ದ ಜಡೆಯನ್ನು ಭುಜದ ಮುಂದಕ್ಕೆ ತಂದಳು. ಜಡೆಯ ತುದಿಗೆ ಬಿಗಿದಿದ್ದ ಕೆಂಪು ದಾರವನ್ನು ಒಮ್ಮೆ ಸವರಿ, ಮೆಟ್ಟಿಲಿಳಿದಳು.

ಪಾಪದ ಹುಡುಗಿ, ದಿನವೂ ಜಡೆಗೆ ಕಟ್ಟುವ ಹಾಗೆ ಅಣ್ಣನ ಕೂದಲಿಗೂ ತುದಿಯಲ್ಲೇ ದಾರ ಕಟ್ಟಿದ್ದಳು; ತಜ್ಞ ಮದುವೆಗೆ ಮುಂಚಿನದೆಂದ ವಿಷ ಮದುವೆಯಾದ ಮೇಲಿನ ನಾಲ್ಕು ತಿಂಗಳದ್ದು ಎಂಬುದು, ಬುಡದಿಂದ ನೀವಿದರೆ ನುಣುಪು, ತುದಿಯಿಂದ ನೀವಿದರೆ ಒರಟು ಎಂದು ಬಲ್ಲ, ಠಾಣೆಯಲ್ಲಿ ಎರಡು ಸಲ ನೀವಿದ ಆ ಬೆರಳುಗಳಿಗಷ್ಟೇ ಗೊತ್ತಿತ್ತು.