ಬೆಲ್ಲದ ಜೋಡಿ ಬಂದ ಮಾತು

ಇವತ್ತು ನನ್ನ ಮೊಮ್ಮಗಳು ತೊಡಿ ಮ್ಯಾಲೆ ಕುಂತು, ಬಾಯಿ ತುಂಬ ಬೆಲ್ಲ ಇಟ್ಟುಕೊಂಡು, ಮೊದಲ ಸಲ ನನ್ನ “ಆಯಿ” ಅಂತ ಕರೆದಳು. ಆ ಸಂತೋಷಕ್ಕ ನನ್ನ ಕಣ್ಣು ತುಂಬಿ, ಬೆಲ್ಲದ ವಾಸನಿಗೆ ಕೌಜಲಗಿಯ ಒಂದು ಮಧ್ಯಾಹ್ನ ನೆನಪಾತು.

ಅವ್ವ ತೀರಿಕೊಂಡ ಮ್ಯಾಲೆ ನನ್ನನ್ನ ಅಲ್ಲಿ ಚಿಗವ್ವನ ಮನಿಗೆ ತಂದು ಬಿಟ್ಟಿದ್ದರು. ಅಂಗಳದಾಗ ಶೇಂಗಾ ಸುಲಿಯೋ ಹೆಣ್ಣಮಕ್ಕಳು ನನ್ನ ಕಂಡಾಗೆಲ್ಲ, “ಪಾಪ, ಪರದೇಶಿ ಕೂಸು” ಅಂತ ತಲಿ ಸವರತಿದ್ದರು. ಸುಲಿದು ಸುಲಿದು ಒರಟಾದ ಕೈ, ಆದರ ಎಷ್ಟು ಮೆತ್ತಗ ಸವರತಿದ್ದರು! ಆಮ್ಯಾಲೆ ಅಂಗೈಯಾಗ ಒಂದಿಷ್ಟು ಶೇಂಗಾ, ಒಂದು ಬೆಲ್ಲದ ಚೂರು ಇಡತಿದ್ದರು. ದಿಕ್ಕಿಲ್ಲದವರಿಗೆ ಹಂಗ ಅಂತಾರ ಅಂತ ನನಗೇನು ಗೊತ್ತು? ಅಷ್ಟು ಮೆತ್ತಗಿನ ಮಾತು ಆ ಮನ್ಯಾಗ ನಾನು ಬ್ಯಾರೆ ಕೇಳಿರಲಿಲ್ಲ.

ಆ ಮಧ್ಯಾಹ್ನ ಸಾಲಿಗೆ ಹುಡುಗರ ಹೆಸರು ಹಚ್ಚಾಕ ಅಕ್ಕೋರು ಬಂದರು. “ನಿನ್ನ ಹೆಸರೇನವಾ?” ಅಂತ ನನ್ನ ಕೇಳಿದರು.

ನಾನು ಎದ್ದು ನಿಂತು, ಲಂಗ ಸರಿಮಾಡಿಕೊಂಡು, “ಪರದೇಶಿ ರೀ” ಅಂದೆ.

ಚಿಗವ್ವ ಒಳಗಿಂದ ಓಡಿಬಂದು ನನ್ನ ಅವಚಿಕೊಂಡು, “ಇನ್ನ ಯಾರರ ಈ ಕೂಸಿಗೆ ಹಂಗ ಅಂದ್ರ ನನ್ನ ಹೊಸ್ತಿಲಾ ತುಳೀಬ್ಯಾಡ್ರಿ!” ಅಂತ ಒದರಿದಳು.

ಅವತ್ತಿನಿಂದ ಯಾರೂ ಆ ಮಾತು ಅನ್ನಲಿಲ್ಲ. ತಲಿ ಸವರೋದೂ ನಿಂತಿತು. ನಾನು ಮಾತ್ರ ದಿನಾ ಮಧ್ಯಾಹ್ನ ಅವರ ಬಾಜೂಕ ಹೋಗಿ ಕುಂತು, ಯಾರರ ಮತ್ತೊಮ್ಮೆ “ಪರದೇಶಿ” ಅಂದಾರೇನು ಅಂತ ಒಬ್ಬೊಬ್ಬರ ಮಾರಿ ನೋಡತಿದ್ದೆ.